ಒಂದು ಗ್ಯಾರೇಜಿಗೆ ನಾನು ಕಟ್ಟಿದ ಬೆಲೆ

ಅವರ ಬಲಗೈಯ ಹೆಬ್ಬೆರಳು ಚಪ್ಪಟೆಯಾಗಿತ್ತು. ಉಗುರು ಅಗಲಕ್ಕೆ ಹರಡಿಕೊಂಡು, ತುದಿ ಹಿಂದಕ್ಕೆ ಬಾಗಿ, ಉಳಿದ ನಾಲ್ಕು ಬೆರಳುಗಳಿಗೂ ಅದಕ್ಕೂ ಸಂಬಂಧವೇ ಇಲ್ಲವೇನೋ ಅನ್ನಿಸುತ್ತಿತ್ತು. ನಲವತ್ತು ವರ್ಷ ಲಾರಿ ಟಯರು ಒತ್ತಿ ಒತ್ತಿ ಹಾಗಾದದ್ದು. ಆ ಹೆಬ್ಬೆರಳನ್ನು ನನ್ನ ಸ್ಕೂಟರಿನ ಮುಂದಿನ ಗಾಲಿಗೆ ಒಮ್ಮೆ ಒತ್ತಿ, "ಹದಿನಾಲ್ಕು" ಎಂದರು. ಆಮೇಲೆ ಗಾಳಿ ನೋಡುವ ಮೀಟರು ಹಚ್ಚಿದರು. ಹದಿನಾಲ್ಕೇ ಇತ್ತು. "ಇಪ್ಪತ್ತೆರಡು ಇರಬೇಕ್ರಿ. ಇಷ್ಟರಾಗ ಶಿರಸಿಯಿಂದ ಬಂದ್ರೇನು? ಗಟ್ಟಿ ಇದ್ದೀರಿ ಬಿಡ್ರಿ" ಎಂದರು. ಯಲ್ಲಾಪುರದ ಮಿಸ್ತ್ರಿಗೂ ನನಗೂ ಆದ ಮೊದಲ ಪರಿಚಯ ಅದು. ಊರೆಲ್ಲ ಅವರನ್ನು ಮಿಸ್ತ್ರಿ ಎನ್ನುತ್ತಿತ್ತು, ನಾನು ಚಾಚಾ ಎನ್ನುತ್ತಿದ್ದೆ. ಅವರು ಮನೆ ಕಳೆದುಕೊಂಡದ್ದು ನಾನು ಬರೆದ ಒಂದು ಪುಟದಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯವರೆಗೆ ಬಚ್ಚಿಟ್ಟುಕೊಂಡು ಕತೆ ಹೇಳುವ ಮುಖ ನನಗಿಲ್ಲ.

ಮನೆಗಳಿಗೆ ಬೆಲೆ ಕಟ್ಟುವುದು ನನ್ನ ಕಸುಬು. ಸಿವಿಲ್ ಓದಿದ್ದೇನೆ. ಯಾರಾದರೂ ಮನೆಯ ಮೇಲೆ ಸಾಲ ಕೇಳಿದರೆ ಬ್ಯಾಂಕಿನವರು ನನಗೆ ಫೋನು ಮಾಡುತ್ತಾರೆ. ನಾನು ಟೇಪು ಹಿಡಿದು ಹೋಗಿ, ಅಳೆದು, ಫೋಟೋ ತೆಗೆದು, ಇಷ್ಟು ಬಾಳುತ್ತದೆ ಎಂದು ಬರೆದು ಸಹಿ ಹಾಕುತ್ತೇನೆ. ಇವತ್ತು ಸಿದ್ದಾಪುರದ ಕಡೆ ನಿಲ್ಕುಂದ, ನಾಳೆ ಯಲ್ಲಾಪುರದ ಕಡೆ ಮಂಚಿಕೇರಿ. ಹೋದಲ್ಲೆಲ್ಲ ಚಾ ಕೊಡುತ್ತಾರೆ, ಜೊತೆಗೆ ಚಕ್ಕುಲಿ ಇಡುತ್ತಾರೆ, ನಿಮ್ಮ ಕೈಲಿದೆ ಎನ್ನುತ್ತಾರೆ. ಅದು ನನಗೆ ಕೊಡುವ ಚಾ ಅಲ್ಲ, ನನ್ನ ಪೆನ್ನಿಗೆ ಕೊಡುವ ಚಾ. ಅಷ್ಟೂ ತಿಳಿಯದಷ್ಟು ದಡ್ಡಿ ನಾನಲ್ಲ. ಸಂಜೆ ಶಿರಸಿಗೆ ಮರಳಿ ಬಾಡಿಗೆ ಮನೆಯ ಬೀಗ ತೆಗೆದರೆ ಒಳಗೆ ಯಾರೂ ಇರುತ್ತಿರಲಿಲ್ಲ. ಒಂದು ಮದುವೆ ಆಗಿತ್ತು, ಮುಗಿದಿತ್ತು. ಅದರ ಸುದ್ದಿ ಇಲ್ಲಿ ಬೇಡ.

ಮಿಸ್ತ್ರಿಯ ಮನೆ ಹುಬ್ಬಳ್ಳಿ ರಸ್ತೆಗೆ ಮುಖ ಮಾಡಿತ್ತು. ಅಣ್ಣ ತಮ್ಮ ಇಬ್ಬರೂ ಸೇರಿ ಕಟ್ಟಿಸಿದ್ದು. ತಮ್ಮ ಹುಬ್ಬಳ್ಳಿ ಸೇರಿ ಎಷ್ಟೋ ವರ್ಷವಾಗಿತ್ತು. ಮನೆಯ ಮುಂದೆ ಜೀಪು ನಿಲ್ಲಿಸಲೆಂದು ಮಾಡಿದ ಗ್ಯಾರೇಜು. ಜೀಪನ್ನು ಮಾರಿದ್ದಾಗಿತ್ತು, ಕೆಲಸ ಬಿಟ್ಟಾಗಿತ್ತು, ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಆಮೇಲೆ ಈ ಮನುಷ್ಯ ತನಗೆ ಬರುವ ವಿದ್ಯೆಯನ್ನೆಲ್ಲ ಆ ಖಾಲಿ ಗ್ಯಾರೇಜಿಗೆ ಸುರಿದಿದ್ದರು. ನೆಲಕ್ಕೆ ಶಹಾಬಾದ್ ಕಲ್ಲು. ಅದರ ಇಳಿಜಾರು ಎಂಥದೆಂದರೆ ಒಂದು ಬಕೆಟ್ಟು ನೀರು ಚೆಲ್ಲಿದರೆ ಹನಿಯೂ ನಿಲ್ಲದೆ ಮೂಲೆಯ ತೊಟ್ಟಿಗೆ ಹೋಗುತ್ತಿತ್ತು. ತೊಟ್ಟಿಯಲ್ಲಿ ಮರಳು, ಇದ್ದಿಲು. ಎಣ್ಣೆ ಅಲ್ಲೇ ಉಳಿದು ಬರೀ ನೀರು ಗಟಾರಕ್ಕೆ. ಗಾಡಿಯ ಅಡಿಗೆ ಇಳಿದು ಕೆಲಸ ಮಾಡಲು ಒಂದು ಗುಂಡಿ, ಅದಕ್ಕೆ ಒಂದೇ ಕೈಯಲ್ಲಿ ಸರಿಸಬಹುದಾದ ಹಲಗೆಯ ಮುಚ್ಚಳ. ಗಾಳಿ ತುಂಬುವ ಮಷೀನನ್ನು ಗೋಡೆಯ ಕಪಾಟಿನೊಳಗೆ ಕೂರಿಸಿ ಒಳಗೆಲ್ಲ ತೆಂಗಿನ ನಾರು ಬಡಿದಿದ್ದರು. ಗುಜರಿಯಿಂದ ತಂದ ಬಸ್ಸಿನ ಎರಡು ಸೀಟು. ಗೋಡೆಯ ಮೊಳೆಗಳಿಗೆ ನೇತುಹಾಕಿದ ಎಂಟು ಕಪ್ಪು. ಹೊರಗೆ ಒಂದು ತಗಡಿನ ಮೇಲೆ 'ಗಾಳಿ' ಎಂದಷ್ಟೇ ಬರೆದಿತ್ತು.

ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ. ಹಾಗಾದರೆ ಬೋರ್ಡಿನ ಮೇಲೆ ಉಚಿತ ಎಂದು ಬರೆಸಬಾರದೇ ಎಂದು ಒಮ್ಮೆ ಕೇಳಿದೆ. "ಫುಕಟ್ ಅಂತ ಬರದ್ರ ಮಂದಿಗೆ ಸಂಶೆ ಬರತೈತ್ರಿ. ಬಂದು, ರೊಕ್ಕ ಎಷ್ಟು ಅಂತ ಕೇಳಲಿ. ಬ್ಯಾಡ ಅಂತೀನಿ. ಅಷ್ಟರಾಗ ನಾಕ್ ಮಾತು ಆಗಿರ್ತಾವ" ಎಂದರು. ಎರಡು ನಿಮಿಷದ ಕೆಲಸವನ್ನು ಅವರು ಹದಿನೈದು ನಿಮಿಷ ಮಾಡುತ್ತಿದ್ದರು. ಗಾಳಿ ಹಾಕಿದ ಮೇಲೆ ಬೆರಳಿಗೆ ಎಂಜಲು ಹಚ್ಚಿ ವಾಲ್ವಿನ ಬಾಯಿಗೆ ಒತ್ತಿ ಗುಳ್ಳೆ ಬರುತ್ತದೆಯೋ ನೋಡುವುದು, ಅದರ ಟೋಪಿ ಕಳೆದಿದ್ದರೆ ಡಬ್ಬಿಯಿಂದ ಹುಡುಕಿ ಹಾಕುವುದು, ಇನ್ನೊಂದು ಗಾಲಿಯನ್ನೂ ನೋಡುವುದು, ಎಲ್ಲಿಗೆ ಹೊರಟಿರಿ, ಎಲ್ಲಿಂದ ಬಂದಿರಿ. ಅವಸರ ಮಾಡಿದವರಿಗೆ, "ಗಾಳಿಗೆ ಅರ್ಜಂಟ್ ಮಾಡಬಾರದು, ಕೂಡ್ರಿ" ಎಂದು ಬಸ್ಸಿನ ಸೀಟು ತೋರಿಸುತ್ತಿದ್ದರು. ಅಂಕೋಲೆಯ ಘಟ್ಟ ಹತ್ತಿ ಬಂದ ಲಾರಿಯವರು, ಶಾಲೆಯ ಮಾಸ್ತರು, ಕೋರ್ಟಿಗೆ ಬಂದವರು, ನಾನು. ಯಲ್ಲಾಪುರದಲ್ಲಿ ಕೆಲಸವಿದ್ದ ದಿನವೆಲ್ಲ ಅಲ್ಲಿ ನಿಲ್ಲುತ್ತಿದ್ದೆ. ನನ್ನ ಪೆನ್ನಿನ ಸಂಬಂಧವಿಲ್ಲದ ಚಾ ಸಿಗುತ್ತಿದ್ದದ್ದು ಅಲ್ಲಿ ಮಾತ್ರ.

ಕಸುಬಿನಲ್ಲಿ ನನಗೆ ಕಾಲೇಜು ಹೇಳದೆ ಇದ್ದದ್ದನ್ನು ಅವರು ಹೇಳಿದರು. "ಮನಿ ನೋಡಾಕ ಹೋದ್ರ ಮೊದಲ ಹೊಲಸು ನೀರು ಎಲ್ಲಿಗೆ ಹೋಗತೈತಿ ನೋಡ್ರಿ. ಪಡಸಾಲಿ ಎಲ್ಲಾರೂ ಚಂದ ಮಾಡಿರ್ತಾರ." ಇವತ್ತಿಗೂ ನಾನು ಮನೆಗಳಿಗೆ ಹಿಂದಿನಿಂದ ಹೋಗುತ್ತೇನೆ. ಮನೆಯವರು ಮುಂಬಾಗಿಲಲ್ಲಿ ಕಾಯುತ್ತಿದ್ದರೆ ನಾನು ಬಚ್ಚಲಿನ ಮೋರಿಯ ಹತ್ತಿರ ಬಗ್ಗಿರುತ್ತೇನೆ. ಭೈರುಂಬೆಯ ಹತ್ತಿರ ಒಂದು ಮನೆಯಲ್ಲಿ ಅಜ್ಜಿಯೊಬ್ಬರು ನನ್ನನ್ನು ಆರೋಗ್ಯ ಇಲಾಖೆಯವಳೆಂದು ತಿಳಿದು ಸೊಳ್ಳೆಯ ಸುದ್ದಿ ಹೇಳಿದ್ದರು. ಅದನ್ನು ಚಾಚಾಗೆ ಹೇಳಿದಾಗ ಅವರು ನಕ್ಕದ್ದು, ಕಣ್ಣೊರೆಸಿಕೊಂಡು ಇನ್ನೊಮ್ಮೆ ಹೇಳಿಸಿಕೊಂಡದ್ದು ನೆನಪಿದೆ.

ಒಂದು ದಿನ ಅವರೇ ಫೋನು ಮಾಡಿದರು. ಆ ಹೊತ್ತಿಗೆ ಅವರ ಬಾಯಲ್ಲಿ ಮೇಡಂ ಹೋಗಿ ನಾನು ಬೇಟಿ ಆಗಿದ್ದೆ. "ಬೇಟಿ, ತಮ್ಮಗೂ ನನಗೂ ಪಾಲು ಆಗೂದೈತಿ. ಮನಿಗೆ ಕಿಮ್ಮತ್ತು ಬರದು ಕೊಡಬೇಕು. ನೀನ ಬರಿ ಅಂದೀನಿ. ತಮ್ಮನೂ ಒಪ್ಯಾನ."

ಹೋದೆ. ಅಷ್ಟು ವರ್ಷದಲ್ಲಿ ಮನೆಯ ಒಳಗೆ ಕಾಲಿಟ್ಟದ್ದು ಅದೇ ಮೊದಲು. ಎರಡು ಕೋಣೆಗೆ ಬೀಗ. ಅಡುಗೆಮನೆಯಲ್ಲಿ ಒಂದು ತಾಟು, ಒಂದು ಲೋಟ. ಪಡಸಾಲೆಯ ಗಡಿಯಾರ ನಿಂತುಹೋಗಿತ್ತು. ಹೊರಗೆ ಎಂಟು ಕಪ್ಪು ಇಟ್ಟ ಮನುಷ್ಯ ಒಳಗೆ ಹೀಗಿದ್ದಾರೆ ಎಂದು ನನಗೆ ಗೊತ್ತಿರಲಿಲ್ಲ. ನನ್ನ ಅಡುಗೆಮನೆಯೂ ಹೀಗೇ ಇತ್ತು. ಬೇಗ ಬೇಗ ಅಳೆದು ಹೊರಗೆ ಬಂದೆ.

ಈಗ ನನ್ನ ತಪ್ಪಿನ ಮಾತು. ಮಾಡಿದ ಖರ್ಚು ಬೇರೆ, ಕೊಳ್ಳುವವನು ಕೊಡುವ ಬೆಲೆ ಬೇರೆ. ಇದು ನಮ್ಮ ಕೆಲಸದಲ್ಲಿ ಮೊದಲು ಕಲಿಯುವುದು. ಮನೆಯ ಮುಂದಿನ ಗ್ಯಾರೇಜಿಗೆ ನಾವು 'ಶೆಡ್ಡು, ಇಷ್ಟು ಚದರ ಅಡಿ' ಎಂದು ಒಂದೇ ಸಾಲು ಬರೆಯುತ್ತೇವೆ. ಒಳಗೆ ಗುಂಡಿ ಇರಲಿ, ನಾರು ಬಡಿದ ಕಪಾಟು ಇರಲಿ, ಕೊಳ್ಳುವವನಿಗೆ ಅದು ಬೇಡ. ಆದರೆ ಅವತ್ತು ಒಂದು ಸಾಲು ಬರೆಯಲು ನನಗೆ ಕೈ ಬರಲಿಲ್ಲ. ಇಡೀ ಒಂದು ಪುಟ ಬರೆದೆ. ಕಲ್ಲು, ಇಳಿಜಾರು, ಸೋಸುವ ತೊಟ್ಟಿ, ಮುಚ್ಚಳ, ಕಪಾಟು, ಅದರ ನಾರು, ಕೆಳಗೆ ಕೂತು ಕೈ ತೊಳೆಯಲು ಇಟ್ಟ ಗಿಡ್ಡ ನಲ್ಲಿ. ಒಂದೊಂದಕ್ಕೂ ಈವತ್ತು ಮಾಡಿಸಿದರೆ ಎಷ್ಟಾದೀತು ಎಂದು ಬೆಲೆ ಹಾಕಿದೆ. ಚಾಚಾಗೆ ಖುಷಿಯಾಗಲಿ ಎಂದು. ಯಾರೇ ಆಗಲಿ ತಮ್ಮ ಮನೆಗೆ ಬೆಲೆ ಹೆಚ್ಚು ಬರಲಿ ಎಂದೇ ಬಯಸುತ್ತಾರೆ, ಹಾಗಲ್ಲದವರನ್ನು ನಾನು ನೋಡಿರಲಿಲ್ಲ. ಇಬ್ಬರೂ ಸೇರಿ ಮಾರುತ್ತಾರೆ, ಹಂಚಿಕೊಳ್ಳುತ್ತಾರೆ ಎಂದು ನಾನೇ ತೀರ್ಮಾನ ಮಾಡಿಬಿಟ್ಟಿದ್ದೆ. ಮನೆ ಯಾರು ಇಟ್ಟುಕೊಳ್ಳುತ್ತಾರೆ ಎಂದು ಕೇಳಲಿಲ್ಲ. ಇಟ್ಟುಕೊಳ್ಳುವವರು ಚಾಚಾ, ಅರ್ಧ ಬೆಲೆಯನ್ನು ತಮ್ಮನಿಗೆ ಕೊಡಬೇಕಾದವರೂ ಚಾಚಾ. ಹಳೇ ಮನೆ, ಮುಂದೊಂದು ಶೆಡ್ಡು ಎಂಬ ಅಂದಾಜಿನ ಮೇಲೆ ಅವರು ವರ್ಷಗಟ್ಟಲೆ ಕೂಡಿಟ್ಟಿದ್ದರು. ನಾನು ಏರಿಸಿದ ಒಂದೊಂದು ಅಂಕಿಯೂ ಅವರನ್ನು ಆ ಮನೆಯಿಂದ ಹೊರಗೆ ತಳ್ಳುತ್ತಿತ್ತು.

ವರದಿ ಕೊಟ್ಟಾಗ ಅವರು ಬಸ್ಸಿನ ಸೀಟಿನ ಮೇಲೆ ಕೂತು, ಕನ್ನಡಕ ಹಾಕಿ, ಗ್ಯಾರೇಜಿನ ಪುಟದ ಪ್ರತಿ ಸಾಲಿನ ಕೆಳಗೂ ಆ ಚಪ್ಪಟೆ ಹೆಬ್ಬೆರಳು ಇಟ್ಟು ಓದಿದರು. ಓದಿ ಮುಗಿಸಿ ಮತ್ತೆ ಮೊದಲಿನಿಂದ ಓದಿದರು. "ಎಲ್ಲಾ ಬರದೀಯಲ್ಲ. ನಲ್ಲೀನೂ ಬಿಟ್ಟಿಲ್ಲ" ಎಂದರು. ಕೊನೆಯ ಮೊತ್ತದ ಮೇಲೆ ಬೆರಳು ಬಹಳ ಹೊತ್ತು ನಿಂತಿತು. ನಾನು ಹೆಮ್ಮೆಯಿಂದ ಚಾ ಕುಡಿಯುತ್ತಿದ್ದೆ.

ಆಮೇಲೆ ಮಾರ್ಚ್ ಬಂತು. ಸಾಲದ ಫೈಲುಗಳ ರಾಶಿ, ಎಲ್ಲವೂ ಸಿದ್ದಾಪುರದ ಕಡೆಯವು. ಎರಡು ಮೂರು ತಿಂಗಳು ಯಲ್ಲಾಪುರಕ್ಕೆ ಹೋಗಲಿಲ್ಲ. ಹೋದ ದಿನ ನೋಡಿದರೆ ಗ್ಯಾರೇಜೇ ಇಲ್ಲ. ಕಲ್ಲು ಕಿತ್ತು ರಾಶಿ ಹಾಕಿದ್ದರು, ಗುಂಡಿಗೆ ಮಣ್ಣು ತುಂಬಿ ಮೇಲೆ ಕಾಂಕ್ರೀಟು ಎರೆದಿದ್ದರು. ಎದುರು ಝೆರಾಕ್ಸ್ ಅಂಗಡಿಯ ಅಕ್ಕನನ್ನು ಕೇಳಿದೆ.

"ಗೊತ್ತಿಲ್ಯ ನಿಂಗಕ್ಕೆ? ಮಿಸ್ತ್ರಿ ಮನೆ ಮಾರಿ ಆತು. ತಮ್ಮಂಗೆ ಅರ್ಧ ಕೊಡಕಾಗಿತ್ತಡ. ಯಾವನೋ ಇಂಜಿನಿಯರು ಬರೀ ಗ್ಯಾರೇಜಿಗೇ ರಾಶಿ ಬೆಲೆ ಕಟ್ಟಿದ್ನಡ. ಅಷ್ಟು ದುಡ್ಡು ಅವ್ರ ಹತ್ರ ಎಲ್ಲಿತ್ತು? ಕಡೀಗೆ ತಗಂಡವ್ರು ಗ್ಯಾರೇಜಿಗೆ ಒಂದು ಪೈಸೆನೂ ಕೊಡಲ್ಯಡ. ಎಂತ ಮಾಡದು?"

ಹೌದಾ ಎಂದೆ. ಆ ಇಂಜಿನಿಯರು ನಾನೇ ಎನ್ನದೆ ಗಾಡಿ ಹತ್ತಿದೆ. ಮಂಚಿಕೇರಿಯವರೆಗೆ ಗಾಡಿ ಹೇಗೆ ಓಡಿಸಿದೆನೋ ಗೊತ್ತಿಲ್ಲ.

ವಿಚಾರಿಸಿದರೆ, ಚಾಚಾ ಶಿರಸಿಯಲ್ಲೇ ಇದ್ದರು. ಹೆಂಡತಿಯ ಅಕ್ಕನ ಮಗ ಲಾರಿ ಇಟ್ಟುಕೊಂಡವರು. ಅವರ ಮನೆಯ ಮಾಳಿಗೆಯ ಮೇಲೆ ಒಂದು ಕೋಣೆ. ನನ್ನ ಮನೆಯಿಂದ ಎರಡು ಮೈಲಿ ಕೂಡ ಇಲ್ಲ. ಒಳ್ಳೆಯ ಜನ, ಹೊತ್ತಿಗೆ ಸರಿಯಾಗಿ ಊಟ ಕಳಿಸುತ್ತಿದ್ದರು. ಆದರೆ ಮಾಳಿಗೆಗೆ ಹತ್ತಿ ಬರಲು ಯಾರಿಗೆ ಏನು ಕೆಲಸ? ನಾನು ಹೋದಾಗ ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ರಸ್ತೆ ನೋಡುತ್ತ ಕೂತಿದ್ದರು. ಅಷ್ಟು ಮೇಲಿನಿಂದ ಗಾಡಿಗಳ ನೆತ್ತಿ ಕಾಣುತ್ತಿತ್ತು, ಗಾಲಿ ಕಾಣುತ್ತಿರಲಿಲ್ಲ.

"ಚಾಚಾ, ಆ ಗ್ಯಾರೇಜಿಗೆ ಅಷ್ಟು ಬೆಲೆ ಇರ್ಲಿಲ್ಲ. ನಾನು ಹೆಚ್ಚಿಗೆ ಬರೆದೆ. ತಪ್ಪು ಮಾಡಿದೆ. ನೀವಾದ್ರೂ ಒಂದು ಮಾತು ಹೇಳಬಾರದಿತ್ತಾ? ತಿದ್ದಿ ಕೊಡ್ತಿದ್ದೆ."

ಅವರು ತಿರುಗಿ ನೋಡಿದರು. "ಏನಂತ ಹೇಳ್ಲಿ? ನನ್ನ ಗ್ಯಾರೇಜಿಗೆ ಅಷ್ಟು ಕಿಮ್ಮತ್ತಿಲ್ಲ, ಕಮ್ಮಿ ಬರಿ ಅಂತ ನನ್ನ ಬಾಯಿಲೇನ ಹೇಳೂದೇನು?" ಮತ್ತೆ ರಸ್ತೆಯ ಕಡೆ ಮುಖ ಮಾಡಿ ಹೇಳಿದರು: "ಇಷ್ಟು ವರ್ಷ ಮಂದಿ ಬಂದ್ರು, ಗಾಳಿ ಹಾಕಿಸ್ಕೊಂಡ್ರು, ಹೋದ್ರು. ಕಪಾಟಿನಾಗ ನಾರು ಯಾಕ ಬಡದೈತಿ ಅಂತ ಒಬ್ಬರೂ ಕೇಳಿದ್ದಿಲ್ಲ. ಬಾಜೂ ಮನಿ ಕೂಸು ಮಲಗಿರತೈತಿ, ಮಷೀನಿನ ಸಪ್ಪಳಕ್ಕ ಏಳಬಾರದು ಅಂತ ಬಡದಿದ್ದೆ. ನೀ ಅದನ್ನೂ ಬರದಿದ್ದಿ."

ನಾನು ಅತ್ತೆ. ಅವರು ಸಮಾಧಾನ ಮಾಡುವ ಗೋಜಿಗೆ ಹೋಗಲಿಲ್ಲ. ಎದ್ದು ಮಂಚದ ಅಡಿಯಿಂದ ಕಾಲಲ್ಲಿ ಒತ್ತುವ ಪಂಪು ಎಳೆದರು. "ಗಾಡಿ ತಂದೀಯೇನು? ಗಾಳಿ ನೋಡಿ ಎಷ್ಟು ದಿನಾತು?"

ಅಂದಿನಿಂದ ರವಿವಾರ ರವಿವಾರ ಹೋಗತೊಡಗಿದೆ. ಎರಡನೆಯ ವಾರವೇ ಒಂದು ಕಷ್ಟ ಎದುರಾಯಿತು. ಗಾಳಿ ಸರಿಯಾಗಿಯೇ ಇತ್ತು. ಹೆಬ್ಬೆರಳು ಒತ್ತಿ, "ಇಪ್ಪತ್ತೆರಡು. ಏನೂ ಬ್ಯಾಡ" ಎಂದು ಪಂಪು ಹಿಡಿದುಕೊಂಡು ಹಾಗೇ ಮೆಟ್ಟಿಲು ಹತ್ತಿದರು. ಆ ಬೆನ್ನು ನೋಡಲಿಕ್ಕಾಗಲಿಲ್ಲ. ಮುಂದಿನ ರವಿವಾರ ಅವರ ಓಣಿಯ ತಿರುವಿನಲ್ಲಿ ಗಾಡಿ ನಿಲ್ಲಿಸಿ, ಮುಂದಿನ ಗಾಲಿಯ ವಾಲ್ವಿಗೆ ಕೀಲಿಕೈಯ ತುದಿ ಒತ್ತಿ ಗಾಳಿ ಬಿಟ್ಟೆ. ದಾರಿಯಲ್ಲಿ ಹೋಗುವವರು ನನಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ಎಂದುಕೊಳ್ಳಲಿ. ಅವತ್ತು ಅವರು ಕೆಳಗಿಳಿದು, ಒತ್ತಿ ನೋಡಿ, "ಹನ್ನೆರಡಕ್ಕ ಬಂದೈತಿ" ಎಂದು ಲುಂಗಿ ಮೇಲೆ ಕಟ್ಟಿ ಪಂಪು ತುಳಿಯಲು ನಿಂತರು. ಓಣಿಯ ಇನ್ನಿಬ್ಬರು ತಮ್ಮ ಗಾಡಿ ತಂದು ನಿಲ್ಲಿಸಿದರು. ಚಾಚಾ ಅವರಿಗೂ ಅವಸರ ಮಾಡಬೇಡಿ ಎಂದರು.

ಹೀಗೆ ಎಷ್ಟೋ ವಾರ ನಡೆಯಿತು. ಒಂದು ರವಿವಾರ ಗಾಳಿ ಹಾಕುತ್ತ, ತಲೆಯೆತ್ತದೆ, "ಬೇಟಿ, ಬರೇ ಮುಂದಿಂದು ಬ್ಯಾಡ. ಒಂದು ವಾರ ಹಿಂದಿಂದೂ ಇಳಸು. ವಾಲ್ವು ಹಾಳಾಗತೈತಿ" ಎಂದರು. ಅವರು ಬೆರಳಿಗೆ ಎಂಜಲು ಹಚ್ಚಿ ಗುಳ್ಳೆ ನೋಡಿದರು, ಟೋಪಿ ಹಾಕಿದರು, ಚಾ ಕುಡಿಯಲು ಮೇಲೆ ಬಾ ಎಂದರು. ಅಲ್ಲಿಂದ ಮುಂದೆ ಒಂದು ವಾರ ಮುಂದಿನದು, ಒಂದು ವಾರ ಹಿಂದಿನದು.

ಈಗ ಯಾರೇ ಪಾಲಿನ ವಿಚಾರಕ್ಕೆ ಕರೆದರೂ, ಮನೆ ಯಾರು ಇಟ್ಟುಕೊಳ್ಳುತ್ತೀರಿ ಎಂದು ಮೊದಲು ಕೇಳುತ್ತೇನೆ. ಗ್ಯಾರೇಜಿಗೆ ಒಂದೇ ಸಾಲು ಬರೆಯುತ್ತೇನೆ. ಬರೆಯುವ ಮೊದಲು ಮಾತ್ರ ಒಳಗೆ ಹೋಗಿ ಎಲ್ಲವನ್ನೂ ನೋಡುತ್ತೇನೆ, ಇದನ್ನು ಯಾಕೆ ಹೀಗೆ ಮಾಡಿದಿರಿ ಎಂದು ಕೇಳುತ್ತೇನೆ.

ಹೋದ ಮಳೆಗಾಲ ಮುಗಿದ ಮೇಲಿನ ಒಂದು ರವಿವಾರ. ಹಿಂದಿನ ಗಾಲಿಯ ಸರದಿ. ತಿರುವಿನಲ್ಲಿ ಗಾಳಿ ಬಿಟ್ಟು, ಗಾಡಿ ತಳ್ಳಿಕೊಂಡು ಹೋದರೆ ಮೆಟ್ಟಿಲಿನ ಕೆಳಗೆ ಚಪ್ಪಲಿಗಳ ರಾಶಿ. ಅಷ್ಟು ಜನ ಒಟ್ಟಿಗೆ ಅವರನ್ನು ನೋಡಲು ಬಂದದ್ದನ್ನು ಅವರು ಯಲ್ಲಾಪುರ ಬಿಟ್ಟ ಮೇಲೆ ನಾನು ಕಂಡಿರಲಿಲ್ಲ. ಬೆಳಗಿನ ನಮಾಜಿಗೆಂದು ಎದ್ದು ಹಾಸಿಗೆಯ ಮೇಲೆ ಕೂತವರು ಹಾಗೇ ಹೋಗಿದ್ದರಂತೆ. ಮನೆಯ ಹೆಂಗಸರು ಕೈ ಹಿಡಿದು ಕರೆದುಕೊಂಡು ಹೋಗಿ ಬಾಗಿಲಿನಿಂದ ತೋರಿಸಿದರು. ಮುಖ ಕಂಡಿತು. ಕೈ ಬಿಳಿ ಬಟ್ಟೆಯ ಒಳಗಿತ್ತು.

ಕೆಳಗೆ ಇಳಿದು ಬಂದಾಗ ಅವರ ಹೆಂಡತಿಯ ಅಕ್ಕನ ಮಗ ನನ್ನ ಗಾಡಿ ನೋಡಿದರು. "ಹಿಂದಿನ ಗಾಲಿ ಪೂರಾ ಕುಂತೈತ್ರಿ ಮೇಡಂ. ಪಂಪು ಮ್ಯಾಲೇ ಐತಿ, ತಂದು ಹಾಕಿ ಕೊಡ್ಲೇನ್ರಿ?" ಎಂದರು.

ಬೇಡ ಎಂದೆ. ಗಾಡಿಯನ್ನು ತಳ್ಳಿಕೊಂಡು ಹೊರಟೆ. ದಾರಿಯಲ್ಲಿ ಎರಡು ಪೆಟ್ರೋಲ್ ಬಂಕು ಸಿಕ್ಕವು. ಎರಡರಲ್ಲೂ ಗಾಳಿ ಇತ್ತು. ನಿಲ್ಲದೆ ಮನೆಯವರೆಗೂ ತಳ್ಳಿಕೊಂಡೇ ಬಂದೆ.