ಇಬ್ಬರ ರೊಟ್ಟಿ

ಪೊಲೀಸ್ ಹವಾಲ್ದಾರ ಗುರಲಿಂಗಪ್ಪ ಆಗಾಗ ಇಬ್ಬರ ರೊಟ್ಟಿ ಕಟ್ಟಿಸಿಕೊಂಡು ಹೋಗುತ್ತಿದ್ದ. ಇನ್ನೊಬ್ಬರು ಯಾರು ಅಂತ ಹೆಂಡತಿ ಬಸಲಿಂಗವ್ವನಿಗೆ ಹೇಳುತ್ತಿರಲಿಲ್ಲ. ಮನೆ ಶಹರದ ಒಂದು ತುದಿಗೆ, ದಹಿಸರಿನ ಚಾಳಿನಲ್ಲಿ; ಡ್ಯೂಟಿ ಇನ್ನೊಂದು ತುದಿಯ ಫೋರ್ಟಿನಲ್ಲಿ. ಡ್ಯೂಟಿ ಮುಗಿದರೂ ಮನೆಗೆ ಬಾರದ ಗಂಡ, ಮೇಲೆ ಇಬ್ಬರ ರೊಟ್ಟಿ. ಬೇರೆ ಹೆಂಗಸರು ಏನು ತಿಳಿಯುತ್ತಿದ್ದರೋ ಅವಳೂ ಅದನ್ನೇ ತಿಳಿದಳು.

"ಆಕಿಗೆ ಶೇಂಗಾ ಹಿಂಡಿ ಸೇರ್ತೈತೋ, ಖಾರ ಹೆಚ್ಚಾಕ್ಕೈತೋ?" ಎಂದು ಒಂದು ದಿನ ಡಬ್ಬಿ ಕುಕ್ಕಿದಳು.

ಗುರಲಿಂಗಪ್ಪ ಜಗಳಕ್ಕೆ ಬರಲಿಲ್ಲ. ರಜೆಯ ದಿನ ಅವಳನ್ನು ಲೋಕಲ್ ಹತ್ತಿಸಿ ಪರೇಲಿಗೆ ಕರೆದೊಯ್ದ. ಅಲ್ಲಿ ಒಂದು ಆಸ್ಪತ್ರೆಯ ಹೊರಗಿನ ಕಟ್ಟೆ ತೋರಿಸಿದ.

"ಇಲ್ಲಿ ಕೂಡ್ತೀನಿ. ನಮ್ಮ ಖಾತೆದ ಹುಡುಗ್ರು ಬರ್ತಾರ. ನಿದ್ದಿ ಇಲ್ಲದವರು, ಜೀವ ಬ್ಯಾಸರಾದವರು. ಅವರು ಹೇಳ್ತಾರ, ನಾ ಕೇಳ್ತೀನಿ. ಯಾರು, ಏನು ಅಂತ ನೀ ಕೇಳಬ್ಯಾಡ."

"ಆಸ್ಪತ್ರಿ ಮುಂದ ಯಾಕ?"

"ಇಲ್ಲಿ ಪೊಲೀಸ್ರು ಕೂತ್ರ ಪೋಸ್ಟ್‌ಮಾರ್ಟಂ ಕೆಲಸಕ್ಕ ಬಂದಾರ ಅಂತ ತಿಳೀತಾರ. ಯಾರೂ ಕೇಳಂಗಿಲ್ಲ."

ಖಾತೆಯಲ್ಲಿ ಕೆಲವರನ್ನು ಆರಿಸಿ ಈ ಕೆಲಸ ಕಲಿಸಿದ್ದರು. ಅವರಿಗೆ ಸಾಥಿ ಅನ್ನುತ್ತಿದ್ದರು. ಒಂದು ಠಾಣೆಯವನು ಇನ್ನೊಂದು ಠಾಣೆಯ ಸಾಥಿಯ ಹತ್ತಿರ ಹೋಗಬೇಕು. ಹೇಳಿದ ಮಾತು ಸಾಹೇಬರಿಗೂ ಮುಟ್ಟಬಾರದು, ಸಾಥಿಯ ಹೆಂಡತಿಗೂ ಮುಟ್ಟಬಾರದು. ಸುದ್ದಿ ಹೊರಬಿದ್ದರೆ ಕೈಯ ಬಂದೂಕು ಕಸಿದುಕೊಂಡು ಮೂಲೆಗೆ ಕೂರಿಸುತ್ತಾರೆ ಅಂತ ಹುಡುಗರಿಗೆ ಹೆದರಿಕೆ. ಅವತ್ತಿನಿಂದ ಬಸಲಿಂಗವ್ವ ಕೇಳಲಿಲ್ಲ. ರೊಟ್ಟಿ ಬಡಿದಳು, ಕಟ್ಟಿದಳು.

ಗಣಪತಿ ವಿಸರ್ಜನೆಯ ಬಂದೋಬಸ್ತಿನಲ್ಲಿ ಗುರಲಿಂಗಪ್ಪ ಎದೆ ಹಿಡಿದುಕೊಂಡು ಬಿದ್ದ. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು.

ದಿವಸ ಮುಗಿದು ನೆಂಟರು ಹೋದ ಮೇಲೆ ಒಂದು ಮಧ್ಯಾಹ್ನ ಅವನ ಫೋನು ಬಡಿಯಿತು. ಬಸಲಿಂಗವ್ವ ಎತ್ತಿದಳು.

"ಯಾರ್ರೀ?"

ಆ ಕಡೆ ಉಸಿರು ಕೇಳಿತು. ಕಟ್ಟಾಯಿತು. ತಿರುಗಿ ಹಚ್ಚಿದರೆ ಫೋನು ಬಂದ್.

ಸಂಜೆ ಕಾಶಿನಾಥ ಬಂದ. ಗುರಲಿಂಗಪ್ಪನ ಜೊತೆಗೇ ಸಾಥಿಯಾದವನು, ಬಾಯಿ ಜೋರು. ಬಸಲಿಂಗವ್ವ ಫೋನಿನ ಸುದ್ದಿ ಹೇಳಿದಳು.

"ಎತ್ತಬಾರದಿತ್ತಕ್ಕಾ. ಎರಡು ರಿಂಗ್ ಕೊಟ್ಟು ಕಟ್ ಮಾಡೂದು ನಮ್ಮ ರೂಢಿ. ಮರುದಿನ ಸಂಜಿಗೆ ಕಟ್ಟಿ ಕಡೆ ಬಾ ಅಂತ ಅದರ ಅರ್ಥ. ಅಣ್ಣ ಹೋಗಿದ್ದು ಆ ಹುಡುಗಗ ಗೊತ್ತಿಲ್ಲ. ನಿನ್ನ ದನಿ ಕೇಳಿ, ಅಣ್ಣ ಎಲ್ಲಾ ಮನ್ಯಾಗ ಹೇಳಿಬಿಟ್ಟಾನ ಅಂದುಕೊಂಡಿರ್ತಾನ. ಇನ್ನ ಯಾರ ಹಂತ್ಯಾಕೂ ಬರಂಗಿಲ್ಲ."

"ಬರದಿದ್ರ?"

ಕಾಶಿನಾಥ ಚಹಾದ ಕಪ್ಪು ಕೆಳಗಿಟ್ಟ. "ಹಿಂದ ನನ್ನ ಕಡೆ ಬರೂದು ಬಿಟ್ಟಂವ ಒಬ್ಬ, ಈಗ ಇಲ್ಲ."

"ಹಂಗಾದ್ರ ನೀ ಹೋಗಿ ಕೂಡು."

"ನನ್ನ ಗುರ್ತು ಅವಗಿಲ್ಲ. ಈ ಮೀಸಿ, ಈ ಹೊಟ್ಟಿ ನೋಡಿದ್ರ ಸಾಹೇಬ್ರು ಕಳಿಸ್ಯಾರ ಅಂತ ಓಡ್ತಾನ."

ಬಸಲಿಂಗವ್ವ ನಗಲಿಲ್ಲ. ಮರುದಿನ ಇಬ್ಬರ ರೊಟ್ಟಿ ಬಡಿದಳು. ಗಂಡನ ಡಬ್ಬಿಗೆ ತುಂಬಿ, ಗಂಡ ಸುತ್ತುತ್ತಿದ್ದ ಹಸಿರು ವಸ್ತ್ರವನ್ನೇ ಸುತ್ತಿದಳು. ಪಕ್ಕದ ಖೋಲಿಯ ರಾಚವ್ವ ಬಾಗಿಲಲ್ಲೇ ನಿಂತಿದ್ದಳು.

"ಗಂಡ ಸತ್ತು ತಿಂಗಳಾಗಿಲ್ಲ. ಯಾರಿಗವ್ವಾ ಡಬ್ಬಿ?"

ಹೇಳುವಂತಿರಲಿಲ್ಲ. "ಆಸ್ಪತ್ರಿಗೆ" ಎಂದು ಮೆಟ್ಟಿಲಿಳಿದಳು.

ಅವತ್ತು ಯಾರೂ ಬರಲಿಲ್ಲ. ಮರುದಿನವೂ ಇಲ್ಲ. ರೊಟ್ಟಿಯನ್ನು ರೋಗಿಗಳ ಕಡೆಯವರಿಗೆ ಕೊಟ್ಟು ಬಂದಳು. ಆಮೇಲೆ ಒಂದು ಸಂಜೆ ಚಹಾದ ಗಾಡಿಯ ಹತ್ತಿರ ಒಬ್ಬ ಹುಡುಗ ನಿಂತಿದ್ದ. ಸಾದಾ ಅಂಗಿ, ಕಾಲಲ್ಲಿ ಪೊಲೀಸರ ಕಂದು ಬೂಟು. ಅವಳನ್ನಲ್ಲ, ಡಬ್ಬಿ ನೋಡುತ್ತಿದ್ದ. ಅವಳು ಕರೆಯಲಿಲ್ಲ. ಡಬ್ಬಿ ಬಿಚ್ಚಿ ಪಕ್ಕಕ್ಕೆ ಸರಿಸಿದಳು. ಬಹಳ ಹೊತ್ತಿನ ಮೇಲೆ ಬಂದು ಕೂತು ರೊಟ್ಟಿ ಮುರಿದ.

"ಅಣ್ಣಾರು ನನ್ನ ಸುದ್ದಿ ನಿಮಗ ಹೇಳ್ಯಾರೇನ್ರಿ ವೈನಿ?"

"ನಿನ್ನ ಹೆಸರು ಸೈತ ನನಗ ಗೊತ್ತಿಲ್ಲಪಾ."

"ಮತ್ತ ಫೋನ್ ಯಾಕ ಎತ್ತಿದ್ರಿ?"

"ಅವರಿಲ್ಲ. ತೀರಿಕೊಂಡ್ರು. ಎದಿ ಒಡೀತು."

ಮುರಿದ ರೊಟ್ಟಿ ಹುಡುಗನ ಕೈಯಲ್ಲೇ ಉಳಿಯಿತು. ಎದುರಿಗೆ ಒಂದು ಹೆಣದ ಗಾಡಿ ಬಂದು ನಿಂತಿತು, ಜನ ಸರಿದರು.

"ಉಣ್ಣು" ಎಂದಳು. "ನನ್ನ ಮುಂದ ಏನೂ ಹೇಳಬ್ಯಾಡ, ನನಗ ಅದು ಬರಂಗಿಲ್ಲ. ಕಾಶಿನಾಥ ಅಂತ ಅದಾನ. ಅವನೂ ಸಾಥಿ."

"ಅಣ್ಣನಂಗ ಕೇಳ್ತಾನೇನ್ರಿ?"

"ಮಾತು ಜಾಸ್ತಿ. ಆದ್ರ ಕೇಳಿದ್ದು ಹೊರಗ ಬಿಡಂಗಿಲ್ಲ."

ಹುಡುಗ ಅವಳು ಹೇಳಿದ ಕಾಶಿನಾಥನ ನಂಬರು ಫೋನಿಗೆ ಹಾಕಿಕೊಂಡ, ಹೆಸರು ಹಾಕಲಿಲ್ಲ. ಏಳುವಾಗ ಬಸಲಿಂಗವ್ವ ಒಂದೇ ಮಾತು ಕೇಳಿದಳು.

"ಅವರು ತಮ್ಮದು ಏನರೆ ಹೇಳ್ತಿದ್ರೇನಪಾ? ಎದಿ ನೂಸ್ತೈತಿ ಅಂತ, ಏನರೆ?"

ಹುಡುಗ ಡಬ್ಬಿಯ ಮುಚ್ಚಳ ಹಾಕಿದ. "ನಾ ಎಂದೂ ಕೇಳಲಿಲ್ಲ ವೈನಿ."

ಅವಳೂ ಕೇಳಿರಲಿಲ್ಲ. ಕೇಳಬ್ಯಾಡ ಅಂದಿದ್ದ, ಬಿಟ್ಟಿದ್ದಳು.

ಮುಂದಿನ ವಾರ ಕಾಶಿನಾಥ ಬಾಗಿಲಿಗೆ ಬಂದ. "ರಿಂಗ್ ಬಂತಕ್ಕಾ. ಇಬ್ಬರದು ಕಟ್ಟು."

ಯಾರದು ಅಂತ ಅವಳು ಕೇಳಲಿಲ್ಲ. ರೊಟ್ಟಿ ಕಟ್ಟಿದಳು. ಡಬ್ಬಿ ಕೊಟ್ಟಳು, ಆದರೆ ಕೈ ಬಿಡಲಿಲ್ಲ.

"ನಿನ್ನದು ನೀ ಯಾರ ಮುಂದ ಹೇಳ್ತೀ ಕಾಶಿನಾಥಾ?"

ಕಾಶಿನಾಥ ಗಡಿಯಾರ ನೋಡಿದ.

"ಲೋಕಲ್ ತಪ್ಪತೈತಿ" ಎಂದು ಡಬ್ಬಿ ಎಳೆದುಕೊಂಡು ಮೆಟ್ಟಿಲಿಳಿದ.