ಕರಪತ್ರಗಳ ಮೊದಲ ಪುಟ

ಸ್ವೀಡನ್ನಿನ ಕಾರ್ಲ್‌ಸ್ಟಾಡ್‌ನಲ್ಲಿ ಇತಿಹಾಸದ ಸ್ನಾತಕೋತ್ತರ ಪ್ರಬಂಧಕ್ಕೆ ನಾನು ಆರಿಸಿಕೊಂಡದ್ದು ಹದಿನೇಳನೆಯ ಶತಮಾನದ ಕೊನೆಯ ಇಂಗ್ಲೆಂಡಿನ ಕರಪತ್ರಗಳನ್ನು. ಸರ್ಕಾರಕ್ಕೆ ಸಾಲ ಕೊಡಲು ಒಂದು ಬ್ಯಾಂಕು ಬೇಕೋ ಬೇಡವೋ ಎಂದು ಜನ ಅಚ್ಚು ಹಾಕಿಸಿ ಜಗಳವಾಡಿದ ಕಾಲ ಅದು. ಬರೆದವರಲ್ಲಿ ಹಲವರು ಹೆಸರು ಹಾಕುತ್ತಿರಲಿಲ್ಲ. ಹಾಗಾಗಿ ಯಾರು ಯಾವ ಪಕ್ಷ ಎಂದು ಓದಿಯೇ ತಿಳಿಯಬೇಕು. ನನಗೆ ತಾರೀಖು ಹಾಕಿ ದಿನಚರಿ ಬರೆಯುವ, ಏನಿದ್ದರೂ ಗೀಟು ಹಾಕಿ ಎಣಿಸುವ ಅಭ್ಯಾಸ. ಪರ ಎಡಕ್ಕೆ, ವಿರೋಧ ಬಲಕ್ಕೆ ಗೀಟು ಎಳೆಯುತ್ತಾ ಹೋದೆ. ಎಡಗಡೆ ಗೆದ್ದಿತು. ಪ್ರಬಂಧ ನಿಂತಿದ್ದೇ ಆ ಲೆಕ್ಕದ ಮೇಲೆ. ಜೂನ್‌ನಲ್ಲಿ ಪದವಿ ಎಂದು ಮನೆಗೂ ಹೇಳಿಯಾಗಿತ್ತು.

ಇಲ್ಲಿ ಪ್ರಬಂಧ ಪಾಸಾಗುವ ಮೊದಲು ಸಹಪಾಠಿಯೊಬ್ಬರು ‘ಒಪೊನೆಂಟ್’ ಆಗಿ ಎಲ್ಲರೆದುರು ಅದನ್ನು ಪ್ರಶ್ನಿಸಬೇಕು. ನನಗೆ ಸಿಕ್ಕವಳು ಗೋಥೆನ್‌ಬರ್ಗ್‌ನಲ್ಲಿ ಬೆಳೆದ ಕನ್ನಡದ ಹುಡುಗಿ. ನಮ್ಮವಳು, ಮೆತ್ತಗೆ ಮುಗಿಸುತ್ತಾಳೆ ಎಂದುಕೊಂಡೆ. ಹಿಂದಿನ ದಿನ ಊಟಕ್ಕೆ ಕರೆದು ಚಿತ್ರಾನ್ನ ಮಾಡಿದೆ.

“ಸೂಪರ್ ಆಗಿದೆ. ಲಂಚ ಅಲ್ಲ ತಾನೆ?” ಅಂದಳು.

“ಛೆ, ಬರೀ ಚಿತ್ರಾನ್ನ.”

“ಹಾಗಾದ್ರೆ ಇನ್ನೊಂದು ಸೌಟು ಹಾಕು. ನಾಳೆ ಜೋರಾಗಿ ಕೇಳ್ಬೇಕು ನಾನು.”

ತಮಾಷೆ ಎಂದು ನಕ್ಕೆ.

ಮರುದಿನ ಆಕೆ ನನ್ನ ‘ಪರ’ ಪಟ್ಟಿಯ ಒಂದು ಕರಪತ್ರದ ಪ್ರತಿಯನ್ನು ಮುಂದಿಟ್ಟು, ಮೂರನೆಯ ಪುಟ ಓದು ಎಂದಳು. ಓದಿದೆ. ಅಲ್ಲಿಯವರೆಗೆ ಬ್ಯಾಂಕನ್ನು ಹೊಗಳಿದ್ದೆಲ್ಲ ಎದುರಾಳಿಯ ಮಾತು. ಬರೆದವನು ಅದನ್ನು ಇದ್ದ ಹಾಗೇ ಅಚ್ಚು ಹಾಕಿ, ಆಮೇಲೆ ಒಂದೊಂದನ್ನೇ ಹಿಡಿದು ಬ್ಯಾಂಕನ್ನು ಹಿಗ್ಗಾಮುಗ್ಗಾ ಬೈದಿದ್ದ. ಆ ಕಾಲದ ಎಷ್ಟೋ ಪ್ರತ್ಯುತ್ತರ ಕರಪತ್ರಗಳ ರೀತಿಯೇ ಹಾಗೆ. ನಾನು ಮೊದಲ ಪುಟ ನೋಡಿ ಗೀಟು ಎಳೆದಿದ್ದೆ.

“ಇಂಥವು ಇನ್ನೆಷ್ಟಿವೆ?” ಎಂದು ಕೇಳಿದಳು, ಇಂಗ್ಲಿಷಿನಲ್ಲಿ, ತಣ್ಣಗೆ.

“ಗೊತ್ತಿಲ್ಲ” ಎಂದೆ. ಯಾರೂ ನಗಲಿಲ್ಲ, ನಕ್ಕಿದ್ದರೆ ಎಷ್ಟೋ ವಾಸಿಯಿತ್ತು. ಎಲ್ಲವನ್ನೂ ಪೂರ್ತಿ ಓದಿ ಆಗಸ್ಟ್‌ನಲ್ಲಿ ಮತ್ತೆ ತನ್ನಿ ಎಂದರು ಪರೀಕ್ಷಕರು.

ಫೀಕಾಕ್ಕೆ, ಅಂದರೆ ಇಲ್ಲಿಯ ಕಾಫಿ ವಿರಾಮಕ್ಕೆ, ಎದ್ದಾಗ ಆಕೆ ಕಾಫಿ ಹಿಡಿದು ಪಕ್ಕಕ್ಕೆ ಬಂದಳು.

“ನಿನ್ನೆ ಊಟದಲ್ಲೇ ಹೇಳ್ಬಹುದಿತ್ತಲ್ಲ?” ಎಂದೆ.

“ಹೇಳಿದ್ರೆ ನೀನು ಅದೊಂದನ್ನ ಮಾತ್ರ ಆ ಕಡೆ ಹಾಕಿ ಬರ್ತಿದ್ದೆ. ಅಲ್ವಾ?”

ಹೌದೆಂದು ತಲೆಯಾಡಿಸಿದೆ.

“ಬೇಸಿಗೆಯಲ್ಲಿ ನಾನಿಲ್ಲೇ ಇರ್ತೀನಿ. ಅರ್ಧ ನಾನು ಓದ್ತೀನಿ, ಕೊಡು.”

ಯೋಚಿಸಿ ಹೇಳುತ್ತೇನೆಂದು ಹೊರಟುಬಿಟ್ಟೆ.

ಸಂಜೆ ಅಮ್ಮನಿಗೆ ಫೋನ್ ಮಾಡಿ, ಜೂನ್‌ನಲ್ಲಿ ಆಗುವುದಿಲ್ಲ ಎಂದಷ್ಟೇ ಹೇಳಿದೆ.

“ಅಯ್ಯೋ, ಯಾಕೋ? ಆ ಗೋಥೆನ್‌ಬರ್ಗ್ ಹುಡುಗಿ ಇದ್ಲಲ್ಲ, ಅವಳೇನೂ ಸಹಾಯ ಮಾಡ್ಲಿಲ್ವಾ?”

ಮಾಡಿದಳು ಎನ್ನಬೇಕಿತ್ತು. ಸುಮ್ಮನಿದ್ದೆ. ಅಮ್ಮ ಅದನ್ನು ಇಲ್ಲವೆಂದೇ ತಿಳಿದು, ಅಲ್ಲಿ ಬೆಳೆದ ಮಕ್ಕಳೇ ಹಾಗೆ, ನಮ್ಮವರು ಅನ್ನೋದೇ ಇರಲ್ಲ ಎಂದು ಅವಳನ್ನು ಬೈಯತೊಡಗಿದರು. ನಾನು ತಡೆಯಲಿಲ್ಲ.