ಎತ್ತು ಎಳೆದ ಮೋಟಾರು

ಪೊಲೀಸ್ ಕಾರ್ಯಾಚರಣೆ ಮುಗಿದು ಕೆಲವು ವರ್ಷಗಳಾಗಿದ್ದವು. ಹೈದರಾಬಾದ್ ರಾಜ್ಯಕ್ಕೆ ಆರಿಸಿ ಬಂದ ಸರ್ಕಾರವೂ ಬಂತು, ಅದರ ಬೆನ್ನಿಗೇ ಪೆಟ್ರೋಲ್ ಬೆಲೆಯೂ ಏರಿತು. ಬೀದರಿನಲ್ಲಿ ವಕೀಲರಾಗಿದ್ದ ನನ್ನ ಸೋದರಮಾವ ವಿರೋಧ ಪಕ್ಷದವರು. ಮೇಲ್ಛಾವಣಿಯಿಲ್ಲದ ತಮ್ಮ ಹಳೆಯ ಮೋಟಾರಿಗೆ ಎತ್ತು ಕಟ್ಟಿ, ಭಾಲ್ಕಿಯ ಸಂತೆಗೆ ಹೋಗಿ ಭಾಷಣ ಮಾಡುವುದೆಂದು ತೀರ್ಮಾನಿಸಿದರು.

ಔರಾದ ಕಡೆಯ ಅವರ ಕಕ್ಷಿದಾರ ರೈತನೊಬ್ಬ ತನ್ನ ಜೋಡಿ ಎತ್ತು ತಂದ. ಮಾವ ಹಿಂದಿನ ಸೀಟಿನಲ್ಲಿ ನಿಂತು ಜನರಿಗೆ ಕೈಮುಗಿಯಬೇಕಾದ್ದರಿಂದ ಸ್ಟೇರಿಂಗ್ ನನ್ನ ಪಾಲಿಗೆ ಬಂತು. ನಾನು ಶಾಲಾ ಮಾಸ್ತರ, ಮೋಟಾರು ಮುಟ್ಟಿದವನಲ್ಲ.

"ಮಾಮಾ, ನನಗ ನಡಸ್ಲಿಕ್ಕಿ ಬರಲ್ಲರಿ."

"ಇಂಜಿನ್ನೇ ಚಾಲೂ ಇಲ್ಲ. ನಡಸೂದು ಏನದ? ಸುಮ್ನ ಕೂಡು."

ನೌಬಾದದಲ್ಲಿ ಪೊಲೀಸಿನವನು ಅಡ್ಡ ಬಂದ. "ಇದು ಮೋಟಾರಿದ್ರ ಲೈಸೆನ್ಸ್ ತೋರಸ್ರಿ. ಬಂಡಿ ಇದ್ರ ಕಂದೀಲ ಎಲ್ಲದರಿ?"

"ಇದು ಚಳವಳಿ ಅದ," ಎಂದರು ಮಾವ.

ಅವನು ಬಗ್ಗಿ ಕೆಳಗೆ ನೋಡಿದ. "ಚಳವಳಿಗಿ ಗಾಲಿ ಇರಲ್ಲರಿ, ವಕೀಲ ಸಾಹೇಬ್ರ."

ಕೊನೆಗೆ ತನ್ನ ಚೌಕಿಯ ಕಂದೀಲನ್ನೇ ಮುಂದೆ ಕಟ್ಟಿ ನಮ್ಮನ್ನು ಬಿಟ್ಟ.

ಇಳಿಜಾರು ಬಂದಾಗ ಹಗ್ಗ ಸಡಿಲಾಗಿ, ಮೋಟಾರು ಎತ್ತುಗಳನ್ನೇ ಅಟ್ಟಿಸಿಕೊಂಡು ಹೋಗತೊಡಗಿತು. ನಾನು ಬ್ರೇಕೆಂದು ಒತ್ತಿದ್ದು ಹಾರ್ನನ್ನು. ಎತ್ತುಗಳು ಬೆದರಿ ಹಗ್ಗ ಕಿತ್ತುಕೊಂಡು ಹೊಲಕ್ಕೆ ನುಗ್ಗಿದವು. ನಾವು ರಸ್ತೆ ಬಿಟ್ಟು ತೊಗರಿಯ ನಡುವೆ ನಿಂತೆವು. ಮಾವ ಆಗಲೂ ಕೈಮುಗಿದೇ ಇದ್ದರು. ರೈತ ಎತ್ತುಗಳ ಬೆನ್ನು ಸವರಿ, ನನ್ನನ್ನೊಮ್ಮೆ ನೋಡಿ, "ಮಾಸ್ತರ, ಅದನ್ನ ಮತ್ತ ಮುಟ್ಟಬ್ಯಾಡ್ರಿ," ಎಂದಷ್ಟೇ ಹೇಳಿದ.

ಹಗ್ಗಕ್ಕೆ ಗಂಟು ಹಾಕಿ ಮತ್ತೆ ಎತ್ತು ಹೂಡಿ, ಮರುದಿನ ಭಾಲ್ಕಿ ಮುಟ್ಟಿದಾಗ ಸಂತೆಯೆಲ್ಲ ಸುತ್ತುವರಿಯಿತು. ಮಾವ ಬಾಯಿ ತೆರೆಯುವಷ್ಟರಲ್ಲಿ ತಹಸೀಲ್ದಾರರು ಬಂದು ಅವರ ಕೊರಳಿಗೆ ಹಾರ ಹಾಕಿದರು. "ಪೆಟ್ರೋಲ್ ಉಳಸ್ರಿ ಅಂತ ಸರ್ಕಾರ ಹೇಳ್ತದ. ವಕೀಲ ಸಾಹೇಬ್ರು ಮಾಡಿ ತೋರಸ್ಯಾರ. ಎಲ್ಲಾರೂ ಹಿಂಗೇ ಮಾಡ್ರಿ," ಎಂದು ಜನರಿಗೆ ಹೇಳಿದರು.

ಮಾವನ ಮುಖ ಕಪ್ಪಿಟ್ಟಿತು. ರೈತನೇ ಮುಂದೆ ಬಂದ. "ಸಾಹೇಬ್ರ, ನಿಮ್ಮ ಜೀಪಿಗೂ ಕಟ್ಟಲೇನ್ರಿ?"

ಜನ ನಕ್ಕರು, ಆಮೇಲೆ ಹಟ ಹಿಡಿದರು. ಹೇಳಿದ ಮಾತು ನುಂಗುವಂತಿರಲಿಲ್ಲ. ತಹಸೀಲ್ದಾರರು ಜೀಪ್ ತರಿಸಿ ಎತ್ತು ಕಟ್ಟಿಸಿದರು. ಮಾವ ಅದೇ ಹಾರ ಹಾಕಿಕೊಂಡು ಅವರ ಪಕ್ಕದಲ್ಲಿ ಕೂತರು. ಇಬ್ಬರೂ ಸಂತೆಯ ತುಂಬ ಮೆರವಣಿಗೆ ಹೋದರು. ಒಬ್ಬರು ಸರ್ಕಾರಕ್ಕೆ ಜೈಕಾರ ಹಾಕಿಸಿದರೆ ಇನ್ನೊಬ್ಬರು ಧಿಕ್ಕಾರ ಹಾಕಿಸಿದರು. ಜನ ಎರಡಕ್ಕೂ ಅಷ್ಟೇ ಹುರುಪಿನಿಂದ ದನಿಗೂಡಿಸಿದರು.

ಹಿಂಗಾರಿ ಬಿತ್ತನೆಯ ಕೆಲಸವಿದೆಯೆಂದು ರೈತ ಎತ್ತು ಬಿಚ್ಚಿಕೊಂಡು ಹೊರಟ. ಮಾವ ರೈಲಿನಲ್ಲಿ ಬೀದರಿಗೆ ಮರಳಿದರು. ಪೆಟ್ರೋಲ್ ಬೆಲೆ ಇಳಿಯಲಿಲ್ಲ. ಎತ್ತೂ ಇಲ್ಲದ, ಪೆಟ್ರೋಲೂ ಇಲ್ಲದ ಮೋಟಾರು ಕಾಯಲು ನಾನು ಭಾಲ್ಕಿಯಲ್ಲೇ ಉಳಿದೆ. ದಾರಿಹೋಕರು ಬಂದು ಬಾನೆಟ್ ತಟ್ಟಿ, ಇದು ಎಷ್ಟು ಮೇವು ತಿನ್ನುತ್ತದೆಂದು ಕೇಳಿ ಹೋಗುತ್ತಿದ್ದರು.